ಸೇನ್ ನದಿಯ ದಡದಲ್ಲಿ ಮರುಹುಟ್ಟು ಪಡೆದ ಯಂತ್ರಗಳು

ಫ್ರಾನ್ಸಿನ ಕೈಗಾರಿಕೆಯ ಕಥೆಯನ್ನು ಅರಿಯಬಯಸುವ ಪ್ರವಾಸಿಗೆ ಸೇನ್ ನದಿಗಿಂತ ಒಳ್ಳೆಯ ದಾರಿ ಮತ್ತೊಂದಿಲ್ಲ. ಪ್ಯಾರಿಸ್ ನಗರದ ಆಗ್ನೇಯಕ್ಕಿರುವ ಶ್ವಾಜಿ-ಲ-ರ್ವಾ ಪಟ್ಟಣವನ್ನು ಹಾದು, ನಗರದ ನಡುವೆ ಹರಿದು, ಪಶ್ಚಿಮದ ಬಿಯಾಂಕೂರಿನ ಬಳಿ ಸೆಗ್ಯಾಂ ದ್ವೀಪವನ್ನು ಬಳಸಿಕೊಂಡು, ಮುಂದೆ ಫ್ಲಿನ್ಸ್ ಎಂಬ ಊರಿನ ಬಯಲನ್ನು ತಲುಪುವ ಈ ನದಿಯ ದಡದಲ್ಲಿ ರೆನೋ ಎಂಬ ಒಂದೇ ಮೋಟಾರು ಕಂಪನಿಯ ಮೂರು ಮುಖ್ಯ ನೆಲೆಗಳಿದ್ದವು. ಬಿಯಾಂಕೂರಿನಲ್ಲಿ 1898ರಲ್ಲಿ ಲೂಯಿ ರೆನೋ ತನ್ನ ಮೊದಲ ಕಾರನ್ನು ಕಟ್ಟಿದನು. ಶ್ವಾಜಿಯಲ್ಲಿ 1949ರಿಂದ ಹಳೆಯ ಎಂಜಿನ್‌ಗಳಿಗೆ ಹೊಸ ಆಯುಷ್ಯ ಕೊಡುವ ಕೆಲಸ ನಡೆಯಿತು. ಫ್ಲಿನ್ಸ್‌ನಲ್ಲಿ 1952ರಲ್ಲಿ ತೆರೆದ ಬೃಹತ್ ಕಾರ್ಖಾನೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾರು ತಯಾರಿಸಿ, ಇಂದು ಹಳೆಯ ವಾಹನಗಳ ಕೆಲಸಕ್ಕೆ ತನ್ನನ್ನು ಒಗ್ಗಿಸಿಕೊಂಡಿದೆ. ಈ ಮೂರನ್ನೂ ಒಂದೇ ಪ್ರಯಾಣದ ಹಂತಗಳಾಗಿ ನೋಡಿದಾಗ, ಸವೆದ ಯಂತ್ರಕ್ಕೆ ಹೊಸದರ ಗುಣಮಟ್ಟವನ್ನು ಮರಳಿ ಕೊಡುವ ಉದ್ಯಮ ಹೇಗೆ ಹುಟ್ಟಿತು, ಯಾವ ಲೆಕ್ಕಾಚಾರದ ಮೇಲೆ ನಿಂತಿತು, ಅದರಿಂದ ಪರಿಸರಕ್ಕೆ ದಕ್ಕಿದ್ದೇನು ಎಂಬುದು ಪುಸ್ತಕದ ಓದಿಗಿಂತ ಸ್ಪಷ್ಟವಾಗಿ ಮನಸ್ಸಿಗೆ ಬರುತ್ತದೆ.

ಈ ಉದ್ಯಮಕ್ಕೆ ಮರುತಯಾರಿಕೆ ಎಂದು ಹೆಸರು. ದುರಸ್ತಿ ಎಂದರೆ ಕೆಟ್ಟ ಭಾಗವೊಂದನ್ನು ಸರಿಪಡಿಸಿ ಯಂತ್ರವನ್ನು ಮತ್ತೆ ನಡೆಯುವಂತೆ ಮಾಡುವುದು. ಅಲ್ಲಿ ಉಳಿದ ಭಾಗಗಳ ಸ್ಥಿತಿಯ ಬಗ್ಗೆ ಯಾರೂ ಭರವಸೆ ಕೊಡುವುದಿಲ್ಲ. ಕರಗಿಸಿ ಮರುಸಂಸ್ಕರಿಸುವುದು ಎಂದರೆ ವಸ್ತುವಿನ ಆಕಾರವನ್ನೇ ಅಳಿಸಿ, ಅದರ ಲೋಹವನ್ನು ಮಾತ್ರ ಉಳಿಸಿಕೊಳ್ಳುವುದು. ಮರುತಯಾರಿಕೆಯಲ್ಲಾದರೋ ಹಳೆಯ ಯಂತ್ರವನ್ನು ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ತೊಳೆದು ಅಳೆದು, ಬಳಕೆಗೆ ಬರುವುದನ್ನು ಮೂಲ ಅಳತೆಗೆ ತಂದು, ಬಾರದ್ದನ್ನು ಹೊಸದರಿಂದ ತುಂಬಿ, ಮತ್ತೆ ಜೋಡಿಸಿ ಪರೀಕ್ಷಿಸಿ, ಹೊಸ ಯಂತ್ರಕ್ಕೆ ಕೊಡುವಂಥದೇ ಖಾತರಿಯೊಡನೆ ಮಾರಲಾಗುತ್ತದೆ. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವ ಬದಲು ಹಳೆಯ ಲೋಹವನ್ನು ಕರಗಿಸಿದರೆ ಸುಮಾರು 95% ಶಕ್ತಿ ಉಳಿಯುತ್ತದೆ ಎಂಬುದು ನಿಜವಾದರೂ, ಎರಕ ಹೊಯ್ದು, ಕೊರೆದು, ಉಜ್ಜಿ ಆ ಲೋಹಕ್ಕೆ ಎಂಜಿನ್‌ನ ರೂಪ ಕೊಟ್ಟ ಶ್ರಮ ಮತ್ತು ಶಕ್ತಿ ಕುಲುಮೆಯಲ್ಲಿ ಲೋಹದೊಡನೆಯೇ ಕರಗಿಹೋಗುತ್ತದೆ. ಆ ಶ್ರಮವನ್ನೂ ಉಳಿಸಿಕೊಳ್ಳುವುದು ಮರುತಯಾರಿಕೆಯ ವಿಶೇಷ.

ನಗರದ ನಡುವಿನಿಂದ ಶ್ವಾಜಿಗೆ ಹೋಗುವ ಉಪನಗರ ರೈಲು ಬಹುಪಾಲು ಸೇನ್ ನದಿಯ ಎಡದಂಡೆಯನ್ನೇ ಹಿಡಿದು ಸಾಗುತ್ತದೆ. ಅದರ ಒಂದು ನಿಲ್ದಾಣವಾದ ಓರ್ಸೆ ವಸ್ತುಸಂಗ್ರಹಾಲಯವು ಸ್ವತಃ 1900ರಲ್ಲಿ ರೈಲು ನಿಲ್ದಾಣವಾಗಿ ತೆರೆದ ಕಟ್ಟಡ; ಉದ್ದವಾದ ಹೊಸ ರೈಲುಗಳಿಗೆ ಅದರ ಪ್ಲಾಟ್‌ಫಾರಂಗಳು ಸಾಲದೆ ಹೋದಾಗ ಒಡೆದುಹಾಕುವ ಮಾತು ಬಂದಿತಾದರೂ, ಕೊನೆಗೆ ಕಟ್ಟಡವನ್ನು ಉಳಿಸಿ 1986ರಲ್ಲಿ ಕಲಾಕೃತಿಗಳಿಗೆ ಬಿಟ್ಟುಕೊಡಲಾಯಿತು. ಆಸ್ಟರ್ಲಿಟ್ಜ್ ನಿಲ್ದಾಣವನ್ನು ದಾಟಿದ ಮೇಲೆ ಅರಮನೆಗಳ ನಗರ ಮುಗಿದು ಗೋದಾಮುಗಳ, ಜಲ್ಲಿಕಲ್ಲಿನ ರಾಶಿಗಳ, ದೋಣಿ ಸರಕಿನ ಕಟ್ಟೆಗಳ ನಗರ ಆರಂಭವಾಗುತ್ತದೆ. ವಿತ್ರಿ ಎಂಬ ಉಪನಗರದಲ್ಲಿ, ದಶಕಗಳ ಕಾಲ ರಾಜಧಾನಿಗೆ ವಿದ್ಯುತ್ ಕೊಟ್ಟು 2015ರಲ್ಲಿ ಬಾಗಿಲು ಹಾಕಿದ ಕಲ್ಲಿದ್ದಲು ಸ್ಥಾವರದ ನೆಲೆ ಇದೆ. ಹದಿನೈದನೆಯ ಲೂಯಿಯ ವಿಹಾರದ ಅರಮನೆಯಿದ್ದ, ಫ್ರೆಂಚ್ ರಾಷ್ಟ್ರಗೀತೆಯನ್ನು ರಚಿಸಿದ ರೂಜೆ ದ ಲೀಲ್ 1836ರಲ್ಲಿ ಕೊನೆಯುಸಿರೆಳೆದ ಶ್ವಾಜಿ-ಲ-ರ್ವಾ ಇದರ ಮುಂದಿದೆ. ಪಟ್ಟಣದ ನಡುವೆ ನಿಂತ ಆ ಕವಿಯ ಪ್ರತಿಮೆಯನ್ನು ನೋಡಲು ಪ್ರವಾಸಿಗರು ಬರುವುದುಂಟು. ಆದರೆ ಪರಿಸರ ಮತ್ತು ವ್ಯಾಪಾರದ ನಂಟನ್ನು ಅಭ್ಯಸಿಸುವವರು ಈ ಊರಿನ ಹೆಸರನ್ನು ಬೇರೊಂದು ಕಾರಣಕ್ಕೆ ಬಲ್ಲರು.

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದಾಗ, ಉಕ್ಕಿನಿಂದ ಹಿಡಿದು ರಬ್ಬರಿನವರೆಗೆ ಎಲ್ಲಕ್ಕೂ ಕೊರತೆಯಿದ್ದ ದೇಶದಲ್ಲಿ, 1945ರಲ್ಲಿ ರಾಷ್ಟ್ರೀಕರಣಗೊಂಡಿದ್ದ ರೆನೋ ಕಂಪನಿಯು ಇಲ್ಲಿ ಹಳೆಯ ಎಂಜಿನ್‌ಗಳ ಮರುತಯಾರಿಕೆಯನ್ನು ಕೈಗೆತ್ತಿಕೊಂಡಿತು. ಪರಿಸರ ಸಂರಕ್ಷಣೆಯ ಮಾತು ಅಂದು ಯಾವ ಕಾರ್ಖಾನೆಯ ಕಡತದಲ್ಲೂ ಇರಲಿಲ್ಲ. ಇದ್ದುದನ್ನು ವ್ಯರ್ಥ ಮಾಡಬಾರದೆಂಬ ಮಿತವ್ಯಯವಷ್ಟೇ ಇತ್ತು. ಕೊರತೆ ನೀಗಿ ಸಮೃದ್ಧಿ ಬಂದ ಮೇಲೂ ಈ ಕೆಲಸ ನಿಲ್ಲದೆ, ಎಂಜಿನ್‌ಗಳ ಜೊತೆಗೆ ಗೇರ್‌ಬಾಕ್ಸ್, ಇಂಧನ ಪಂಪು, ಇಂಜೆಕ್ಟರ್‌ಗಳಿಗೂ ಹಬ್ಬಿತು ಎಂಬುದು ಇಲ್ಲಿ ಮುಖ್ಯ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಭಾರೀ ಯಂತ್ರಗಳ ಮರುತಯಾರಿಕೆಯನ್ನು 1973ರಲ್ಲಿ ಆರಂಭಿಸುವ ಹೊತ್ತಿಗೆ ಶ್ವಾಜಿಯ ಕಾರ್ಮಿಕರಿಗೆ ಎರಡು ದಶಕಗಳನ್ನು ಮೀರಿದ ಅನುಭವವಿತ್ತು.

ಹಳೆಯ ಎಂಜಿನ್ ಒಂದು ಇಂಥ ಕಾರ್ಖಾನೆಯ ಬಾಗಿಲಿನಿಂದ ಒಳಹೊಕ್ಕು ಹೊರಬರುವವರೆಗಿನ ಹಾದಿಯನ್ನು ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಮರುತಯಾರಿಕೆಯ ಸತ್ವವೆಲ್ಲ ಆ ಹಾದಿಯ ಶಿಸ್ತಿನಲ್ಲಿದೆ. ಗ್ಯಾರೇಜುಗಳಿಂದ ಬಂದ ಎಂಜಿನ್ ಜಿಡ್ಡು, ಮಸಿ, ಧೂಳು ಮೆತ್ತಿಕೊಂಡು ಗುರುತು ಸಿಗದಂತಿರುತ್ತದೆ. ಮೊದಲು ಅದರ ಮಾದರಿ ಸಂಖ್ಯೆಯನ್ನು ಓದಿ, ಹೊರಮೈಯಲ್ಲಿ ಬಿರುಕಿದೆಯೇ ಎಂದು ನೋಡಿ, ಕೆಲಸಕ್ಕೆ ಬಾರದ್ದನ್ನು ಅಲ್ಲಿಯೇ ಬೇರ್ಪಡಿಸುತ್ತಾರೆ. ಅನಂತರ ಬಿಚ್ಚುವ ಮೇಜಿನ ಮೇಲೆ ತಲೆಭಾಗ, ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ಎಂದು ಒಂದೊಂದಾಗಿ ಕಳಚಿ, ಗ್ಯಾಸ್ಕೆಟ್, ಆಯಿಲ್ ಸೀಲ್, ಬೇರಿಂಗ್, ಪಿಸ್ಟನ್ ರಿಂಗ್‌ಗಳಂಥ ಸವೆಯುವ ಭಾಗಗಳನ್ನು ನೋಡುವ ಗೋಜಿಗೂ ಹೋಗದೆ ತೆಗೆದಿಡುತ್ತಾರೆ; ಅವುಗಳಿಗೆ ಹೊಸವೇ ಬರಬೇಕು. ಉಳಿದವು ಬಿಸಿನೀರು ಮತ್ತು ಮಾರ್ಜಕದ ಸ್ನಾನಕ್ಕೂ, ಸಣ್ಣ ಗುಂಡುಗಳನ್ನು ರಭಸದಿಂದ ಸಿಡಿಸಿ ಮಸಿ ಬಿಡಿಸುವ ಯಂತ್ರಕ್ಕೂ ಹೋಗಿ, ಬೂದುಬಣ್ಣದ ನಿಜವಾದ ಮೈಯೊಡನೆ ಹೊರಬರುತ್ತವೆ.

ಇಲ್ಲಿಂದ ಮುಂದಿನದು ಅಳತೆಗಾರನ ಕೆಲಸ. ಸಿಲಿಂಡರಿನ ಒಳಗೋಡೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ರಿಂಗು ತಿರುಗಿ ಇಳಿಯುವ ಮೇಲ್ತುದಿಯಲ್ಲಿ ಸವೆತ ಹೆಚ್ಚು, ಕೆಳಗೆ ಕಡಿಮೆ. ಅದಕ್ಕಾಗಿ ಒಂದೇ ಸಿಲಿಂಡರನ್ನು ಹಲವು ಎತ್ತರಗಳಲ್ಲಿ, ಎರಡು ಅಡ್ಡ ದಿಕ್ಕುಗಳಲ್ಲಿ ಅಳೆದು, ಮಿಲಿಮೀಟರಿನ ನೂರನೆಯ ಒಂದು ಭಾಗದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸವೆತ ಮಿತಿಯೊಳಗಿದ್ದರೆ ಗೋಡೆಗೆ ಎಣ್ಣೆ ಹಿಡಿದಿಡುವ ಸಣ್ಣ ಅಡ್ಡಗೆರೆಗಳನ್ನು ಮೂಡಿಸುವ ಹೋನಿಂಗ್ ಸಾಕಾಗುತ್ತದೆ. ಮಿತಿ ಮೀರಿದ್ದರೆ ಬೋರ್ ಮಾಡಿ ಸಿಲಿಂಡರನ್ನು ಕೂದಲೆಳೆಯಷ್ಟು ಅಗಲಿಸಿ, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುತ್ತಾರೆ. ಕ್ರ್ಯಾಂಕ್‌ಶಾಫ್ಟನ್ನು ಇದಕ್ಕೆ ವಿರುದ್ಧವಾಗಿ ತುಸು ಸಣ್ಣದಾಗುವಂತೆ ಉಜ್ಜಿ, ತುಸು ದಪ್ಪನೆಯ ಬೇರಿಂಗ್ ತೊಡಿಸುತ್ತಾರೆ. ಜೋಡಣೆ ಮುಗಿದ ಎಂಜಿನ್ ಪರೀಕ್ಷೆಯ ಪೀಠದ ಮೇಲೆ ತನ್ನ ಎಣ್ಣೆಯ ಒತ್ತಡವನ್ನೂ ಸೋರಿಕೆಯಿಲ್ಲದಿರುವುದನ್ನೂ ಸಾಬೀತು ಮಾಡಿದ ಮೇಲಷ್ಟೇ ಪೆಟ್ಟಿಗೆ ಸೇರುತ್ತದೆ. ತಯಾರಕನ ಬಳಿ ಮೂಲ ನಕ್ಷೆ ಮತ್ತು ಅಳತೆಗಳಿರುವುದರಿಂದ, ಮೊದಲು ತಯಾರಿಸಿದ ಕಾಲದಲ್ಲಿ ಕಂಡುಬಂದಿರದ ದೋಷವನ್ನು ಈ ಹಂತದಲ್ಲಿ ತಿದ್ದುವ ಅವಕಾಶವೂ ಉಂಟು.

ಈ ಕೆಲಸದ ಫಲವನ್ನು ಕುರಿತು ಕಂಪನಿಯೇ ಪ್ರಕಟಿಸಿದ ಅಂಕಿಅಂಶಗಳು ಜಗತ್ತಿನಾದ್ಯಂತ ಉಲ್ಲೇಖಗೊಂಡಿವೆ. ಹೊಸ ಭಾಗದ ತಯಾರಿಕೆಗೆ ಹೋಲಿಸಿದರೆ ಶ್ವಾಜಿಯಲ್ಲಿ ಮರುತಯಾರಾದ ಭಾಗಕ್ಕೆ ಶಕ್ತಿ 80%, ನೀರು 88%, ರಾಸಾಯನಿಕಗಳು 92% ಕಡಿಮೆ ಸಾಕಾಗುತ್ತಿದ್ದವು. ಹೊರಬೀಳುವ ತ್ಯಾಜ್ಯವೂ 70% ಕಡಿಮೆಯಿತ್ತು. ಹಿಂದಿರುಗಿದ ಹಳೆಯ ಯಂತ್ರಭಾಗಗಳಲ್ಲಿ 43% ಮತ್ತೆ ಬಳಕೆಗೆ ಬಂದರೆ, 48% ಎರಕದ ಮನೆಗೆ ಹೋಗಿ ಲೋಹವಾಗುತ್ತಿತ್ತು, ಉಳಿದ 9% ಸಂಸ್ಕರಣ ಕೇಂದ್ರಗಳನ್ನು ಸೇರುತ್ತಿತ್ತು. ಗ್ರಾಹಕನಿಗೆ ಈ ಭಾಗಗಳು ಹೊಸದಕ್ಕಿಂತ 30ರಿಂದ 50% ಅಗ್ಗವಾಗಿದ್ದವು. ಸುಮಾರು 325 ಮಂದಿ ದುಡಿಯುತ್ತಿದ್ದ ಒಂದು ಹಳೆಯ ಕಾರ್ಖಾನೆ, ಕಂಪನಿಯ ಲಾಭವನ್ನೂ ಗ್ರಾಹಕನ ಜೇಬನ್ನೂ ನದಿಯ ನೀರನ್ನೂ ಏಕಕಾಲಕ್ಕೆ ಕಾಯಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಆದರೆ ಇಷ್ಟೆಲ್ಲ ನಡೆಯಬೇಕಾದರೆ ಹಳೆಯ ಯಂತ್ರ ಮೊದಲು ಕಾರ್ಖಾನೆಗೆ ಮರಳಿ ಬರಬೇಕು. ಮಾರಿದ ವಸ್ತು ಮಾರಾಟದೊಡನೆ ಕೈಬಿಟ್ಟುಹೋಗುವುದು ಸಾಮಾನ್ಯ ವ್ಯಾಪಾರದ ಕ್ರಮ; ಮರುತಯಾರಿಕೆಯ ವ್ಯಾಪಾರದಲ್ಲಿ ಕಚ್ಚಾವಸ್ತು ಇರುವುದೇ ಗ್ರಾಹಕನ ಮನೆಯಂಗಳದಲ್ಲಿ. ಹಿಂದೆ ನಮ್ಮ ಅಂಗಡಿಗಳಲ್ಲಿ ಗಾಜಿನ ಸೋಡಾ ಬಾಟಲಿಗೆ ಹಿಡಿಯುತ್ತಿದ್ದ ಠೇವಣಿಯಂತೆ, ಮರುತಯಾರಾದ ಎಂಜಿನ್ ಕೊಳ್ಳುವವನಿಂದ ಒಂದು ಮೊತ್ತವನ್ನು ಹೆಚ್ಚಾಗಿ ಪಡೆದು, ಹಳೆಯದನ್ನು ಒಪ್ಪಿಸಿದಾಗ ಅದನ್ನು ಹಿಂದಿರುಗಿಸುವ ಪದ್ಧತಿ ಈ ಉದ್ಯಮದಲ್ಲಿ ಬೆಳೆದದ್ದು ಇದಕ್ಕಾಗಿಯೇ. ಹಳೆಯ ಭಾಗಗಳನ್ನು ಸಂಗ್ರಹಿಸುವ ಲಾರಿ, ವಿಂಗಡಿಸುವ ಗೋದಾಮು, ಒಪ್ಪಿಸುವ ಗ್ಯಾರೇಜಿನವನಿಗೆ ಸಲ್ಲುವ ನ್ಯಾಯವಾದ ಬೆಲೆ, ಇವುಗಳಲ್ಲಿ ಒಂದು ತಪ್ಪಿದರೂ ಕಾರ್ಖಾನೆಗೆ ಕೆಲಸವಿರುವುದಿಲ್ಲ.

ಶ್ವಾಜಿಯ ಅನುಭವಕ್ಕೆ ಸಿದ್ಧಾಂತದ ಬೆಂಬಲ ಒದಗಿದ್ದು 1970ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ವಾಲ್ಟರ್ ಸ್ಟಾಹೆಲ್ ಅವರು ಜೆನೆವೀವ್ ರೆಡೆ ಅವರೊಡನೆ 1976ರಲ್ಲಿ ಯುರೋಪಿಯನ್ ಆಯೋಗಕ್ಕೆ ಸಲ್ಲಿಸಿದ ವರದಿಯಲ್ಲಿ, ಶಕ್ತಿಯ ಬದಲಿಗೆ ಮಾನವ ಶ್ರಮವನ್ನು ಬಳಸುವ ಸಾಧ್ಯತೆಯನ್ನು ಕಟ್ಟಡ ಮತ್ತು ಮೋಟಾರು ಉದ್ಯಮಗಳ ಉದಾಹರಣೆಯಿಂದ ಪರಿಶೀಲಿಸಿದರು. ಅದಿರನ್ನು ಲೋಹವಾಗಿಸುವ ಹಂತದಲ್ಲಿ ಹೆಚ್ಚು ಶಕ್ತಿ, ಕಡಿಮೆ ಶ್ರಮ. ಲೋಹವನ್ನು ಯಂತ್ರವಾಗಿಸುವ ಮತ್ತು ಯಂತ್ರವನ್ನು ಬಾಳಿಸುವ ಹಂತದಲ್ಲಿ ಕಡಿಮೆ ಶಕ್ತಿ, ಹೆಚ್ಚು ಶ್ರಮ. ಆದ್ದರಿಂದ ವಸ್ತುವಿನ ಆಯುಷ್ಯವನ್ನು ಹೆಚ್ಚಿಸುವ ಪ್ರತಿಯೊಂದು ಕ್ರಮವೂ ಇಂಧನವನ್ನು ಉಳಿಸಿ ಉದ್ಯೋಗವನ್ನು ಸೃಷ್ಟಿಸುತ್ತದೆ ಎಂಬುದು ಅವರ ವಾದದ ತಿರುಳು. ಮುಂದೆ ಜಗತ್ತು ವರ್ತುಲ ಆರ್ಥಿಕತೆ ಎಂದು ಕರೆದ ಚಿಂತನೆಗೆ, ಅಂದರೆ ವಸ್ತುಗಳನ್ನು ಕಸದ ಗುಂಡಿಗೆ ಎಸೆಯದೆ ಮತ್ತೆಮತ್ತೆ ಬಳಕೆಯ ಸುತ್ತಿಗೆ ತರುವ ಆರ್ಥಿಕ ವ್ಯವಸ್ಥೆಯ ಕಲ್ಪನೆಗೆ, ಈ ವರದಿ ಒಂದು ಅಡಿಗಲ್ಲಾಯಿತು.

ಆದರ್ಶವೆನಿಸಿದ ಆ ಕಾರ್ಖಾನೆಯ ಮುಂದಿನ ಕಥೆಯಲ್ಲಿ ನೋವಿದೆ. 2020ರ ಮೇ ತಿಂಗಳಲ್ಲಿ ಕಂಪನಿ ತನ್ನ ವೆಚ್ಚ ಕಡಿತದ ಯೋಜನೆಯನ್ನು ಪ್ರಕಟಿಸುತ್ತ, ಶ್ವಾಜಿಯ ನೆಲೆಯನ್ನು ಮುಚ್ಚಿ ಅದರ ಕೆಲಸವನ್ನು ಫ್ಲಿನ್ಸ್‌ಗೆ ಸಾಗಿಸುವುದಾಗಿ ಸಾರಿತು. ಪ್ಯಾರಿಸ್‌ನ ಒಂದು ಮಗ್ಗುಲಲ್ಲಿ ಮನೆ, ಮಕ್ಕಳ ಶಾಲೆ, ಬದುಕನ್ನು ಕಟ್ಟಿಕೊಂಡಿದ್ದ ಕಾರ್ಮಿಕರು ಮತ್ತೊಂದು ಮಗ್ಗುಲಿಗೆ ಹೋಗಬೇಕಾದ ಈ ನಿರ್ಧಾರದ ವಿರುದ್ಧ ಮುಷ್ಕರ ಹೂಡಿದರು. ಯಂತ್ರಗಳನ್ನು ಲಾರಿಯಲ್ಲಿ ಸಾಗಿಸಬಹುದು. ಕೈಯಲ್ಲಿ ಹಿಡಿದ ಭಾಗದ ಸವೆತವನ್ನು ಬೆರಳಿನಿಂದಲೇ ಅರಿಯುವ ಅನುಭವವನ್ನು ಹಾಗೆ ಸಾಗಿಸಲಾಗದು. ಪರಿಸರಸ್ನೇಹಿ ಉದ್ಯಮವೆಂಬ ಕಾರಣಕ್ಕೆ ಅದರ ಕಾರ್ಮಿಕನ ಬದುಕು ತಾನಾಗಿಯೇ ಭದ್ರವಾಗಿರುತ್ತದೆ ಎಂದು ಭಾವಿಸುವುದು ತಪ್ಪೆಂದು ಶ್ವಾಜಿ ತೋರಿಸಿಕೊಟ್ಟಿದೆ.

ನದಿಯೊಡನೆ ಪಶ್ಚಿಮಕ್ಕೆ ಸಾಗುವಾಗ ಬಿಯಾಂಕೂರಿನ ಬಳಿ ಸೆಗ್ಯಾಂ ದ್ವೀಪ ಎದುರಾಗುತ್ತದೆ. 1929ರಿಂದ 1992ರವರೆಗೆ ಇಡೀ ದ್ವೀಪವನ್ನು ಆವರಿಸಿಕೊಂಡಿದ್ದ, ಫ್ರೆಂಚ್ ಕಾರ್ಮಿಕ ಚಳವಳಿಯ ಕೋಟೆಯೆನಿಸಿದ್ದ ಕಾರ್ಖಾನೆಯನ್ನು ನೆಲಸಮ ಮಾಡಲಾಗಿದ್ದು, ಅದರ ಒಂದು ತುದಿಯಲ್ಲಿ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಅವರೂ ಫ್ರಾನ್ಸಿನ ಜಾನ್ ದ ಗಾಸ್ತೀನ್ ಅವರೂ ವಿನ್ಯಾಸಗೊಳಿಸಿದ ಸಂಗೀತ ಭವನ 2017ರಲ್ಲಿ ತೆರೆದಿದೆ. ಭವನ ಸುಂದರವಾಗಿದೆ, ಆದರೆ ಅಲ್ಲಿ ದುಡಿದ ತಲೆಮಾರುಗಳ ಕೌಶಲಕ್ಕೆ ಆ ನೆಲದಲ್ಲಿ ಮುಂದುವರಿಕೆ ಉಳಿಯಲಿಲ್ಲ. ಫ್ಲಿನ್ಸ್‌ಗೂ ಇದೇ ಗತಿ ಬರಬಹುದಿತ್ತು.

ಸೇಂಟ್ ಲಜಾರ್ ನಿಲ್ದಾಣದಿಂದ ಫ್ಲಿನ್ಸ್‌ನ ದಿಕ್ಕಿಗೆ ಹೋಗುವ ರೈಲು, 1843ರಲ್ಲಿ ತೆರೆದ ಪ್ಯಾರಿಸ್–ರುವಾಂ ಮಾರ್ಗವನ್ನು ಹಿಡಿದು ಪ್ವಾಸಿಯ ಕಾರು ಕಾರ್ಖಾನೆಯನ್ನು ದಾಟಿ ಲೆ ಮ್ಯುರೋ ಪಟ್ಟಣಕ್ಕೆ ಬರುತ್ತದೆ. ಏರಿಯಾನ್ ರಾಕೆಟ್ಟಿನ ಮುಖ್ಯ ಹಂತ ಜೋಡಣೆಯಾಗುವುದು ಇಲ್ಲಿ. ಒಂದೇ ಹಾರಾಟಕ್ಕೆಂದು ಕಟ್ಟಿದ ಆ ಹಂತ ತನ್ನ ಕೆಲಸ ಮುಗಿದೊಡನೆ ನಾಶವಾಗುತ್ತದೆ. ಅದರ ನೆರೆಯಲ್ಲಿಯೇ, ಓಬರ್‌ಜೆನ್ವೀಲ್ ಮತ್ತು ಫ್ಲಿನ್ಸ್ ನಡುವಿನ ಬಯಲಿನಲ್ಲಿ, ಒಂದೇ ವಸ್ತುವನ್ನು ಹಲವು ಬಾರಿ ಬದುಕಿಸಲು ಹೊರಟ ಕಾರ್ಖಾನೆ ಇದೆ. ವಾಸ್ತುಶಿಲ್ಪಿ ಬೆರ್ನಾರ್ ಜೆರ್‌ಫ್ಯೂಸ್ ವಿನ್ಯಾಸಗೊಳಿಸಿದ, ಚಿತ್ರಕಾರ ಫೆಲಿಕ್ಸ್ ದೆಲ್ ಮಾರ್ಲ್ ಬಣ್ಣಗಳನ್ನು ಯೋಜಿಸಿದ ಈ ಕಾರ್ಖಾನೆಯಲ್ಲಿ 1970ರ ದಶಕದ ಉಚ್ಛ್ರಾಯ ಕಾಲದಲ್ಲಿ 20,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ದೋಫಿನ್, ರೆನೋ 5, ಕ್ಲಿಯೋ ಮೊದಲಾದ ಹೆಸರಾಂತ ಕಾರುಗಳು ಇಲ್ಲಿಂದ ಹೊರಬಂದವು. ವಿದ್ಯುತ್ ಕಾರಾದ ಜೋಯಿಯ ಉತ್ಪಾದನೆ 2024ರಲ್ಲಿ ನಿಂತಾಗ ಹೊಸ ಕಾರುಗಳ ತಯಾರಿಕೆಯ ಅಧ್ಯಾಯವೂ ಮುಗಿಯಿತು.

ಅದಕ್ಕೆ ಮೊದಲೇ, 2020ರ ನವೆಂಬರಿನಲ್ಲಿ, ಕಂಪನಿ ಈ ನೆಲೆಯನ್ನು ವರ್ತುಲ ಆರ್ಥಿಕತೆಯ ಕಾರ್ಖಾನೆಯಾಗಿ ಮಾರ್ಪಡಿಸುವ ಯೋಜನೆಯನ್ನು ಪ್ರಕಟಿಸಿತ್ತು. ವರ್ಷಕ್ಕೆ 45,000 ಹಳೆಯ ಕಾರುಗಳನ್ನು ಸಜ್ಜುಗೊಳಿಸಿ ಮಾರುಕಟ್ಟೆಗೆ ಬಿಡುವ ಸಾಮರ್ಥ್ಯದ ವಿಭಾಗ, ಬ್ಯಾಟರಿಗಳ ದುರಸ್ತಿ ಮತ್ತು ಮರುಬಳಕೆ, ವಾಹನಗಳನ್ನು ಬಿಚ್ಚಿ ಭಾಗ ತೆಗೆಯುವುದು, ತರಬೇತಿ ಮತ್ತು ಸಂಶೋಧನೆ ಇದರ ಅಂಗಗಳು. ಇವುಗಳಲ್ಲಿ ಬ್ಯಾಟರಿಯ ಕಥೆ ವ್ಯಾಪಾರದ ದೃಷ್ಟಿಯಿಂದ ಬಹಳ ಬೋಧಪ್ರದವಾದುದು. 2012ರಲ್ಲಿ ಜೋಯಿ ಕಾರು ಬಂದಾಗ ಗ್ರಾಹಕರು ಕಾರನ್ನು ಕೊಳ್ಳುತ್ತಿದ್ದರು, ಬ್ಯಾಟರಿಯನ್ನು ಮಾತ್ರ ತಿಂಗಳ ಬಾಡಿಗೆಗೆ ಪಡೆಯುತ್ತಿದ್ದರು. ಒಡೆತನ ಕಂಪನಿಯದೇ ಆಗಿದ್ದರಿಂದ, ಸಾಮರ್ಥ್ಯ ಕುಸಿದ ಬ್ಯಾಟರಿ ಗುಜರಿಗೆ ಹೋಗದೆ ತಯಾರಕನ ಬಳಿಗೇ ಮರಳಿತು. ಅದನ್ನು ಬಿಚ್ಚಿ, ದುರ್ಬಲವಾದ ಘಟಕಗಳನ್ನಷ್ಟೇ ಬದಲಿಸಿ ಮತ್ತೆ ಬಳಸುವುದಕ್ಕೂ, ಕಾರಿಗೆ ಒಗ್ಗದಿದ್ದರೆ ವಿದ್ಯುತ್ ಸಂಗ್ರಹಿಸಿಡುವ ಕೇಂದ್ರಗಳಿಗೆ ಒಯ್ಯುವುದಕ್ಕೂ ದಾರಿಯಾಯಿತು. ಹಳೆಯ ವಸ್ತು ಮರಳಿ ಬರುವಂತೆ ಮಾಡುವ ಅತ್ಯಂತ ಬಲವಾದ ಉಪಾಯ, ಅದರ ಸೇವೆಯನ್ನು ಮಾತ್ರ ಮಾರಿ ಒಡೆತನವನ್ನು ತಯಾರಕನೇ ಉಳಿಸಿಕೊಳ್ಳುವುದು. ವಸ್ತು ತನ್ನದೇ ಆಗಿ ಉಳಿದಾಗ ಅದನ್ನು ಬೇಗ ಕೆಡುವಂತೆ ಮಾಡುವ ಆಸೆ ಯಾವ ವ್ಯಾಪಾರಿಗೂ ಇರುವುದಿಲ್ಲ.

ಇಷ್ಟಾದರೂ ಮರುತಯಾರಿಕೆಯನ್ನು ಸರ್ವರೋಗ ನಿವಾರಕವೆಂದು ತಿಳಿಯುವಂತಿಲ್ಲ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ತಿಮೊಥಿ ಗುಟೊವ್ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 25 ಉದಾಹರಣೆಗಳನ್ನು ತಯಾರಿಕೆ ಮತ್ತು ಬಳಕೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ, 8ರಲ್ಲಿ ಮಾತ್ರ ಶಕ್ತಿಯ ಉಳಿತಾಯ ಸ್ಪಷ್ಟವಾಗಿತ್ತು, 6ರಲ್ಲಿ ನಷ್ಟವಿತ್ತು, ಉಳಿದವುಗಳಲ್ಲಿ ವ್ಯತ್ಯಾಸ ನಿರ್ಧರಿಸಲಾಗದಷ್ಟು ಚಿಕ್ಕದಾಗಿತ್ತು. ಬಳಸುವಾಗ ಹೆಚ್ಚು ಶಕ್ತಿ ಬೇಡುವ ಯಂತ್ರಗಳಲ್ಲಿ, ಹಳೆಯದನ್ನು ಉಳಿಸಿ ತಯಾರಿಕೆಯಲ್ಲಿ ಗಳಿಸಿದ್ದನ್ನು, ಹೊಸ ಮಾದರಿ ಕಡಿಮೆ ವಿದ್ಯುತ್ ಅಥವಾ ಇಂಧನದಲ್ಲಿ ನಡೆಯುವುದರಿಂದ ಬಳಕೆಯಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಉದ್ಯಮಿಯಾದವನು ಕಾರ್ಖಾನೆಯ ಒಳಗಿನ ಲೆಕ್ಕದೊಡನೆ ರಸ್ತೆಯ ಮೇಲಿನ ಲೆಕ್ಕವನ್ನೂ ಇಡಬೇಕು. ಹೊಸ ಮಾದರಿಯಲ್ಲಿ ದಕ್ಷತೆ ವಿಶೇಷವಾಗಿ ಹೆಚ್ಚದ ಭಾಗಗಳಿಗೆ, ಅಂದರೆ ಗೇರ್‌ಬಾಕ್ಸ್, ಸ್ಟೀರಿಂಗ್ ಭಾಗ, ಹೈಡ್ರಾಲಿಕ್ ಪಂಪುಗಳಂಥವಕ್ಕೆ, ಮರುತಯಾರಿಕೆ ಹೆಚ್ಚು ಒಪ್ಪುತ್ತದೆ.

ಇಂಥ ಉದ್ಯಮ ವ್ಯಾಪಾರಿಗಳ ಒಳ್ಳೆಯತನವೊಂದನ್ನೇ ನಂಬಿ ಬೆಳೆಯುವುದಿಲ್ಲ. ಕಾನೂನಿನ ಆಸರೆಯೂ ಬೇಕು. ಯುರೋಪಿಯನ್ ಒಕ್ಕೂಟದ 2000ದ ನಿರ್ದೇಶನ, ಆಯುಷ್ಯ ಮುಗಿದ ವಾಹನದ ತೂಕದಲ್ಲಿ 95% ಭಾಗ ಮರುಬಳಕೆಗೋ ಬೇರೆ ರೀತಿಯ ಉಪಯೋಗಕ್ಕೋ ಬರಬೇಕೆಂಬ ಗುರಿಯನ್ನು 2015ರಿಂದ ವಿಧಿಸಿತು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಗ್ಯಾರೇಜಿನವರು ನಿಗದಿತ ಬಗೆಯ ಭಾಗಗಳಿಗೆ ಬಳಸಿದ ಅಥವಾ ಮರುತಯಾರಾದ ಭಾಗದ ಆಯ್ಕೆಯನ್ನು ಗ್ರಾಹಕನ ಮುಂದಿಡುವುದು ಕಡ್ಡಾಯವಾಯಿತು. ಆಯ್ಕೆ ಇದೆಯೆಂದು ಗೊತ್ತೇ ಇಲ್ಲದವನು ಅದನ್ನು ಕೇಳಲಾರ ಎಂಬ ಸರಳ ಸತ್ಯವನ್ನು ಈ ನಿಯಮ ಗುರುತಿಸಿದೆ.

ಭಾರತದಲ್ಲಿ ವಾಹನ ಗುಜರಿ ನೀತಿ 2021ರಲ್ಲಿ ಜಾರಿಗೆ ಬಂದು, ಆಯುಷ್ಯ ಮುಗಿದ ವಾಹನಗಳ ನಿಯಮಗಳು 2025ರ ಏಪ್ರಿಲ್ 1ರಿಂದ ತಯಾರಕರ ಮೇಲೆ ಹೊಣೆ ಹೊರಿಸಿವೆ. ಆದರೆ ಆ ಹೊಣೆಯನ್ನು ಅಳೆಯುವುದು ಮರಳಿ ಪಡೆದ ಉಕ್ಕಿನ ಲೆಕ್ಕದಲ್ಲಿ. ಉಳಿಸಿದ ಗೇರ್‌ಬಾಕ್ಸಿಗೂ ಕರಗಿಸಿದ ಗೇರ್‌ಬಾಕ್ಸಿಗೂ ಬೇರೆ ಬೇರೆ ಬೆಲೆ ಅಲ್ಲಿ ಇನ್ನೂ ಬಂದಿಲ್ಲ. ಕೌಶಲದ ಕೊರತೆಯಂತೂ ಇಲ್ಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳೂ, ಎಂಜಿನ್ ಬೋರ್ ಮಾಡುವ ಲೇತ್ ಕೆಲಸದವರೂ, ಟೈರಿಗೆ ರೀಟ್ರೆಡಿಂಗ್ ಮಾಡುವವರೂ ಹೆಸರಿಲ್ಲದೆಯೇ ಈ ವಿದ್ಯೆಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಮತ್ತು ಹಾಸನದ ತನ್ನ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಹಳೆಯ ಬಸ್ಸುಗಳ ಒಡಲನ್ನು ಪೂರ್ತಿ ನವೀಕರಿಸಿ ಮತ್ತೆ ರಸ್ತೆಗಿಳಿಸುತ್ತಿರುವುದು, ಸಾರ್ವಜನಿಕ ಸಂಸ್ಥೆಯೊಂದು ಈ ದಾರಿಯಲ್ಲಿ ನಡೆಯಬಲ್ಲದೆಂಬುದಕ್ಕೆ ಸಾಕ್ಷಿ. ಇಲ್ಲಿ ಇಲ್ಲದಿರುವುದು ಮೂಲ ಅಳತೆಗಳನ್ನು ಕೈಗೆ ಸಿಗುವಂತೆ ಮಾಡುವ ತಯಾರಕ, ಪರೀಕ್ಷಿಸಿದ ದಾಖಲೆ, ಲಿಖಿತ ಖಾತರಿ. ಇವು ಮೂರೂ ಒದಗಿದರೆ ಗುಜರಿಯ ಮಾಲೆಂದು ಅನುಮಾನಿಸುವ ಗ್ರಾಹಕನೇ ವಿಶ್ವಾಸದಿಂದ ಕೊಳ್ಳುತ್ತಾನೆ, ಲೇತಿನ ಮುಂದೆ ನಿಂತ ಕೆಲಸಗಾರನಿಗೆ ಅವನ ವಿದ್ಯೆಗೆ ತಕ್ಕ ಗೌರವವೂ ಕೂಲಿಯೂ ದೊರೆಯುತ್ತವೆ.

ಶ್ವಾಜಿಯಿಂದ ಫ್ಲಿನ್ಸ್‌ವರೆಗಿನ ಪ್ರಯಾಣದಿಂದ ಹೊರಡುವ ತೀರ್ಮಾನ ಒಂದೇ. ವ್ಯಾಪಾರ ಸಂಸ್ಥೆಯೊಂದು ಪರಿಸರದ ಬಗ್ಗೆ ಆಡುವ ಮಾತನ್ನು, ತಾನು ಮಾರಿದ್ದರಲ್ಲಿ ಎಷ್ಟನ್ನು ಮರಳಿ ಪಡೆಯಿತು, ಪಡೆದದ್ದರಲ್ಲಿ ಎಷ್ಟನ್ನು ಕರಗಿಸದೆ ಉಳಿಸಿತು, ಉಳಿಸಿದ ಕೈಗಳನ್ನು ಹೇಗೆ ನಡೆಸಿಕೊಂಡಿತು ಎಂಬ ಮೂರು ಪ್ರಶ್ನೆಗಳಿಂದ ಅಳೆಯಬೇಕು. ತಯಾರಕರು ಈ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಬೇಕು, ಸರ್ಕಾರ ಅದನ್ನು ಕೇಳಬೇಕು, ಗ್ರಾಹಕರು ಮುಂದಿನ ಬಾರಿ ಗ್ಯಾರೇಜಿಗೆ ಹೋದಾಗ ಖಾತರಿಯಿರುವ ಮರುತಯಾರಾದ ಭಾಗ ಸಿಗುವುದೇ ಎಂದು ಒಂದು ಮಾತು ವಿಚಾರಿಸಬೇಕು.